ಕೈಯಲ್ಲಿರುವ ಫೋನೇ ಕಣ್ಣಿನ ಕ್ಯಾಮೆರಾ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತದೆ ನಮ್ಮ ಗಾದೆ. ಕಣ್ಣಿನ ಒಳಗಿನ ತೊಂದರೆಗೆ ಮಾತ್ರ ಕನ್ನಡಿಯೂ ಸಾಲದು. ಸಕ್ಕರೆ ಕಾಯಿಲೆಯಿಂದ ರೆಟಿನಾ, ಅಂದರೆ ಅಕ್ಷಿಪಟಲ, ಕೆಡತೊಡಗಿದಾಗ ನೋವಿರುವುದಿಲ್ಲ. ದೃಷ್ಟಿ ಮಂಜಾಗುವಷ್ಟರಲ್ಲಿ ಬಹಳ ತಡವಾಗಿರಬಹುದು. ಪುಟ್ಟ ಮಕ್ಕಳಿಗಂತೂ ತಮಗೆ ಕಾಣುತ್ತಿಲ್ಲವೆಂದು ಹೇಳಲೂ ಬಾರದು. ಹೀಗೆ ಮರೆಯಲ್ಲಿ ಬೆಳೆಯುವ ತೊಂದರೆಗಳನ್ನು ಹಿಡಿಯಲು ಈಗ ನಮ್ಮೆಲ್ಲರ ಜೇಬಿನಲ್ಲಿರುವ ಸ್ಮಾರ್ಟ್‌ಫೋನ್ ನೆರವಾಗುತ್ತಿದೆ. ಇದರ ಒಂದು ಕಥೆ ನಮ್ಮ ಟೆಕ್ಸಾಸ್‌ನದು, ಇನ್ನೊಂದು ನಮ್ಮ ಬೆಂಗಳೂರಿನದು.

ವೇಕೋದ ಅಪ್ಪನೊಬ್ಬನ ಹುಡುಕಾಟ

ಡಾಲಸ್‌ನಿಂದ ಆಸ್ಟಿನ್‌ಗೆ ಐ-35ರಲ್ಲಿ ಹೋಗುವವರಿಗೆಲ್ಲ ವೇಕೋ ಗೊತ್ತು. ಅಲ್ಲಿನ ಬೇಲರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಬ್ರಯನ್ ಶಾ ಅವರ ಮಗನಿಗೆ 2008ರಲ್ಲಿ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಇರುವುದು ತಿಳಿಯಿತು. ಮಗುವಿಗೆ ಆಗ ನಾಲ್ಕು ತಿಂಗಳು. ಚಿಕಿತ್ಸೆಯಿಂದ ಮಗು ಬದುಕಿತು, ಆದರೆ ಒಂದು ಕಣ್ಣು ಹೋಯಿತು. ಆಮೇಲೆ ಶಾ ಮನೆಯಲ್ಲಿದ್ದ ಹಳೆಯ ಫೋಟೋಗಳನ್ನೆಲ್ಲ ತೆಗೆದು ನೋಡಿದರು. ಮಗುವಿಗೆ 12 ದಿನವಾಗಿದ್ದಾಗ ತೆಗೆದ ಚಿತ್ರದಲ್ಲೇ ಪಾಪೆ ಬೆಳ್ಳಗೆ ಹೊಳೆದಿತ್ತು!

ಕಾರಣ ಸರಳ. ಫ್ಲ್ಯಾಶ್ ಬೆಳಕು ಆರೋಗ್ಯವಂತ ಕಣ್ಣಿನ ಹಿಂಭಾಗಕ್ಕೆ ತಾಗಿ ಕೆಂಪಾಗಿ ಮರಳುತ್ತದೆ. ಒಳಗೆ ಗೆಡ್ಡೆಯೋ, ಪೊರೆಯೋ ಇದ್ದರೆ ಬಿಳಿಯಾಗಿ ಕಾಣಬಹುದು. ಇದನ್ನೇ ಆಧಾರವಾಗಿಟ್ಟುಕೊಂಡು ಶಾ ಮತ್ತು ಸಂಗಡಿಗರು 2014ರಲ್ಲಿ ಒಂದು ಉಚಿತ ಆ್ಯಪ್ ಹೊರತಂದರು. ಹೆಸರು ಕ್ರೇಡಲ್, ಅಂದರೆ ತೊಟ್ಟಿಲು. 2019ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 40 ಮಕ್ಕಳ ಸುಮಾರು 53,000 ಮನೆಯ ಫೋಟೋಗಳನ್ನು ಈ ಆ್ಯಪ್ ಪರೀಕ್ಷಿಸಿತು. ಕಣ್ಣಿನ ತೊಂದರೆಯಿದ್ದ 20 ಮಕ್ಕಳಲ್ಲಿ 16 ಮಂದಿಯ ಚಿತ್ರಗಳಲ್ಲಿ, ಡಾಕ್ಟರು ಕಂಡುಹಿಡಿಯುವ ಸರಾಸರಿ 1.3 ವರ್ಷ ಮೊದಲೇ ಬಿಳಿ ಹೊಳಪು ಸಿಕ್ಕಿತು.

ಬೆಂಗಳೂರಿನ ಕೊಡುಗೆ

ಹಿರಿಯರ ವಿಷಯ ಬೇರೆ. ಸಕ್ಕರೆ ಕಾಯಿಲೆ ರೆಟಿನಾದ ನವಿರಾದ ರಕ್ತನಾಳಗಳನ್ನು ಕೆಡಿಸುತ್ತದೆ. ಅದನ್ನು ನೋಡಲು ಬರಿಯ ಫೋನ್ ಸಾಲದು. ಪಾಪೆ ಸಣ್ಣ ಕಿಂಡಿಯಿದ್ದಂತೆ. ಬೆಳಕು ಒಳಹೋಗುವುದೂ, ಚಿತ್ರ ಹೊರಬರುವುದೂ ಅದರ ಮೂಲಕವೇ ಆಗಬೇಕು. ಆದ್ದರಿಂದ ಫೋನಿಗೆ ಮಸೂರ ಮತ್ತು ದೀಪವಿರುವ ಉಪಕರಣ ಜೋಡಿಸುತ್ತಾರೆ. ಆಸ್ಪತ್ರೆಯ ಮೇಜಿನ ಮೇಲಿನ ರೆಟಿನಾ ಕ್ಯಾಮೆರಾಗಳಿಗೆ ಸಾವಿರಾರು ಡಾಲರ್ ಬೇಕು, ಜೊತೆಗೆ ಅವನ್ನು ಹಳ್ಳಿಗೆ ಹೊತ್ತೊಯ್ಯುವುದು ಕಷ್ಟ. ಫೋನ್ ಕ್ಯಾಮೆರಾ ಕೈಚೀಲದಲ್ಲಿ ಹೋಗುತ್ತದೆ.

ಬೆಂಗಳೂರಿನ ರೆಮಿಡಿಯೋ ಸಂಸ್ಥೆ ತಯಾರಿಸಿದ 'ಫಂಡಸ್ ಆನ್ ಫೋನ್' ಇಂಥದೇ ಒಂದು. ಬೆಂಗಳೂರಿನ ಡಯಾಕಾನ್ ಆಸ್ಪತ್ರೆಯಲ್ಲಿ ಇದರಿಂದ 900 ಮಧುಮೇಹಿಗಳ ಕಣ್ಣಿನ ಚಿತ್ರ ತೆಗೆದು, ಫೋನಿನಲ್ಲೇ ಇರುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ತೋರಿಸಿದರು. ಇಂಟರ್‌ನೆಟ್ ಬೇಕಾಗಲಿಲ್ಲ. ತಜ್ಞರ ಬಳಿಗೆ ಕಳಿಸಲೇಬೇಕಾದಷ್ಟು ತೊಂದರೆಯಿದ್ದವರಲ್ಲಿ 93% ಮಂದಿಯನ್ನು ಅದು ಸರಿಯಾಗಿ ಗುರುತಿಸಿತೆಂದು 2020ರಲ್ಲಿ ವರದಿಯಾಯಿತು. ಹಾಗೆಂದರೆ ನೂರಕ್ಕೆ ಏಳು ಮಂದಿ ತಪ್ಪಿಹೋದರು ಎಂಬುದನ್ನೂ ಮರೆಯಬಾರದು. ಫೋನ್ ಜರಡಿ ಹಿಡಿಯುತ್ತದೆ, ತೀರ್ಪು ಹೇಳುವವರು ಡಾಕ್ಟರೇ.

ನಾವು ಮಾಡಬೇಕಾದ್ದು

* ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ಹುಟ್ಟುಹಬ್ಬ, ನಾಮಕರಣದ ಫ್ಲ್ಯಾಶ್ ಫೋಟೋಗಳನ್ನು ಒಮ್ಮೆ ದೊಡ್ಡದು ಮಾಡಿ ನೋಡೋಣ. ರೆಡ್-ಐ ತೆಗೆಯುವ ಸೌಲಭ್ಯ ಬಳಸಿದ್ದರೆ ಈ ಸುಳಿವು ಅಳಿಸಿಹೋಗಿರಬಹುದು.

* ಒಂದು ಚಿತ್ರದಲ್ಲಿ ಬಿಳಿ ಕಂಡರೆ ಗಾಬರಿ ಬೇಡ. ಮಗು ಸ್ವಲ್ಪ ಪಕ್ಕಕ್ಕೆ ನೋಡಿದಾಗ ಬೆಳಕು ದೃಷ್ಟಿನರದ ತುದಿಗೆ ತಾಗಿ ಹಾಗಾಗುವುದುಂಟು. ಆದರೆ ತಡವನ್ನೂ ಮಾಡುವುದು ಬೇಡ. ಆ ಚಿತ್ರವನ್ನು ಮಕ್ಕಳ ಡಾಕ್ಟರಿಗೆ ತೋರಿಸಿ, ಪಾಪೆ ಹಿಗ್ಗಿಸಿ ಪರೀಕ್ಷಿಸುವಂತೆ ಕೇಳೋಣ. ಚಿತ್ರದಲ್ಲಿ ಏನೂ ಕಾಣದಿದ್ದರೂ ಮಗುವಿನ ಮಾಮೂಲು ತಪಾಸಣೆ ತಪ್ಪಿಸಬಾರದು.

* ಟೈಪ್ 2 ಸಕ್ಕರೆ ಕಾಯಿಲೆ ಇರುವವರು ಅದು ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಬೇಕು. ಕನ್ನಡಕದ ನಂಬರ್ ನೋಡಿಸುವುದೇ ರೆಟಿನಾ ಪರೀಕ್ಷೆಯಲ್ಲ.

* ಊರಿನಿಂದ ಅಪ್ಪ-ಅಮ್ಮ ಆರು ತಿಂಗಳಿಗೆಂದು ಬರುತ್ತಾರೆ. ಪ್ರವಾಸಿಗರ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಯ ಮಾಮೂಲು ತಪಾಸಣೆಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ವಿಮಾನ ಹತ್ತುವ ಮೊದಲೇ ಅಲ್ಲಿ ರೆಟಿನಾ ಪರೀಕ್ಷೆ ಮಾಡಿಸಿ, ವರದಿಯನ್ನು ಜೊತೆಗೆ ತರಲು ಹೇಳೋಣ.

ಡಾಲಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿರುವ ನಾವು ವಾರಾಂತ್ಯಕ್ಕೊಮ್ಮೆಯಾದರೂ ಊರಿಗೆ ಫೋನ್ ಮಾಡುತ್ತೇವೆ. "ಊಟ ಆಯ್ತಾ ಅಮ್ಮಾ? ಮಾತ್ರೆ ತಗೊಂಡ್ರಾ?" ಎಂದು ಕೇಳುವುದು ರೂಢಿ. ಈ ವಾರ "ಕಣ್ಣು ತೋರಿಸಿ ಎಷ್ಟು ದಿನ ಆಯ್ತು?" ಎಂದೂ ಕೇಳೋಣ.