ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ದವನದ ಬಂಧು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪರಿಸರದಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದವರೆಗೆ, ಪೆಸಿಫಿಕ್ ಸಾಗರದತ್ತ ಇಳಿಯುವ ತಗ್ಗುಬೆಟ್ಟಗಳ ಮೇಲೆ ಅಲ್ಲಲ್ಲಿ ಹಬ್ಬಿರುವ ಕುರುಚಲು ಪ್ರದೇಶವನ್ನು ಸಸ್ಯಶಾಸ್ತ್ರಜ್ಞರು ‘ಕೋಸ್ಟಲ್ ಸೇಜ್ ಸ್ಕ್ರಬ್’ ಎಂದು ಕರೆಯುತ್ತಾರೆ. ಅದರ ಪ್ರಧಾನ ಸಸ್ಯಗಳಲ್ಲೊಂದಾದ ಆರ್ಟಿಮಿಸಿಯಾ ಕ್ಯಾಲಿಫೋರ್ನಿಕಾ, ಕನ್ನಡಿಗರು ದೇವರಿಗೆ ಏರಿಸುವ ದವನದ ಕುಲಕ್ಕೇ ಸೇರಿದ ಪೊದೆ.

ಆಳೆತ್ತರ ಬೆಳೆಯುವ ಈ ಗಿಡದ ಎಲೆಗಳು ನೂಲಿನೆಳೆಯಷ್ಟು ಸಪೂರವಾಗಿದ್ದು, ನವಿರಾದ ರೋಮಗಳಿಂದಾಗಿ ಬೂದುಹಸಿರಾಗಿ ಕಾಣುತ್ತವೆ. ಬೆರಳಲ್ಲಿ ಹೊಸಕಿದರೆ ಕರ್ಪೂರವನ್ನು ಹೋಲುವ ಘಾಟು ಕೈಗೆ ಅಂಟಿಕೊಳ್ಳುತ್ತದೆ. ಈ ಪರಿಮಳಕ್ಕೆ ಕಾರಣವಾದ ಟರ್ಪೀನುಗಳು, ಅಂದರೆ ಸುಲಭವಾಗಿ ಆವಿಯಾಗುವ ತೈಲಾಂಶಗಳು, ಎಲೆ ಮೇಯುವ ಜೀವಿಗಳನ್ನು ದೂರವಿಡಲು ನೆರವಾಗುತ್ತವೆ. ಮಳೆ ಚಳಿಗಾಲದಲ್ಲಷ್ಟೇ ಸುರಿಯುವ ಆ ಸೀಮೆಯಲ್ಲಿ ಬೇಸಗೆ ಬಂದೊಡನೆ ಗಿಡವು ಹೆಚ್ಚಿನ ಎಲೆಗಳನ್ನು ಉದುರಿಸಿ, ಕೆಲವು ಕಿರಿದಾದ ಎಲೆಗಳನ್ನಷ್ಟೇ ಉಳಿಸಿಕೊಂಡು ನೀರಿನ ವೆಚ್ಚವನ್ನು ತಗ್ಗಿಸುತ್ತದೆ. ನೋಡುವವರಿಗೆ ಅದು ಸತ್ತಂತೆ ತೋರುವುದೂ ಉಂಟು.

ಸುಮಾರು ಆರು ಗ್ರಾಂ ತೂಗುವ, ಬೆಕ್ಕಿನ ಮರಿಯಂತೆ ಕೂಗುವ ಕ್ಯಾಲಿಫೋರ್ನಿಯಾ ನ್ಯಾಟ್‌ಕ್ಯಾಚರ್ ಹಕ್ಕಿ ಇಂಥ ಪೊದೆಗಳಲ್ಲೇ ಕೀಟಗಳನ್ನೂ ಜೇಡಗಳನ್ನೂ ಹುಡುಕಿ ತಿಂದು, ನೆಲದಿಂದ ಹೆಚ್ಚು ಎತ್ತರವಲ್ಲದ ಕೊಂಬೆಗಳಲ್ಲಿ ಗೂಡು ಕಟ್ಟುತ್ತದೆ. 1993ರಲ್ಲಿ ಅಮೆರಿಕ ಸರ್ಕಾರವು ಅದರ ಕರಾವಳಿ ಉಪಜಾತಿಯನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಿದಾಗ, ಅಷ್ಟರವರೆಗೆ ಬರಿಯ ಪೊದೆಯೆಂದು ಕಡೆಗಣಿಸಲ್ಪಟ್ಟಿದ್ದ ಭೂಮಿ ಕಾನೂನಿನ ಗಮನಕ್ಕೆ ಬಂದಿತು.

ಆದರೆ ಆ ಬೆಟ್ಟಗಳು ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ನಗರಗಳ ಮಗ್ಗುಲಲ್ಲಿರುವ ಬೆಲೆಬಾಳುವ ನಿವೇಶನಗಳೂ ಹೌದು. ಕಟ್ಟಡಗಳಿಂದ ಪಾರಾದ ಕಡೆಯೂ ವಾಹನಗಳ ಹೊಗೆಯಿಂದ ಮಣ್ಣಿಗಿಳಿಯುವ ಸಾರಜನಕವು ಯುರೋಪ್ ಮೂಲದ ಹುಲ್ಲುಗಳನ್ನು ಕೊಬ್ಬಿಸುತ್ತದೆ. ಒಣಗಿದ ಹುಲ್ಲು ಮತ್ತೆ ಮತ್ತೆ ಬೆಂಕಿಗೆ ಆಹುತಿಯಾಗುವುದರಿಂದ, ಎಳೆಯ ಪೊದೆಗಳು ಬೀಜ ಕಟ್ಟುವ ಮೊದಲೇ ಸುಟ್ಟುಹೋಗಿ ಕುರುಚಲು ಪ್ರದೇಶವು ಹುಲ್ಲುಗಾವಲಾಗಿ ಮಾರ್ಪಡುತ್ತದೆ.