ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಿಕಪ್ 'ಕರಕರ' ಅನ್ನುತ್ತಾ? ಟೈಮಿಂಗ್ ದೋಷ ಗುರುತಿಸುವುದು ಹೀಗೆ

ನಮ್ಮ ಕಡೆ ಪಿಕಪ್ ಗಾಡಿಗೆ ರಜೆ ಅನ್ನೋದೇ ಇಲ್ಲ. ಒಂದು ದಿನ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಮರುದಿನ ಚಿಂತಾಮಣಿಯ ಟೊಮೆಟೊ ಮಂಡಿ. ಹಬ್ಬ ಹತ್ತಿರ ಬಂದರೆ ಚಿಕ್ಕಬಳ್ಳಾಪುರಕ್ಕೆ ಹೂವು, ಮುಸುಕಿನ ಜೋಳದ ಕಾಲದಲ್ಲಿ ಗೌರಿಬಿದನೂರು. ಹೀಗೆ ಓಡಿ ಓಡಿ ನನ್ನ ಡೀಸೆಲ್ ಪಿಕಪ್ 2.6 ಲಕ್ಷ ಕಿ.ಮೀ. ದಾಟಿದೆ.

ಕಳೆದ ಚಳಿಗಾಲದಲ್ಲಿ ಅದಕ್ಕೊಂದು ಹೊಸ ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಇಂಜಿನ್ ಮುಂಭಾಗದಿಂದ ಎರಡು ಮೂರು ಸೆಕೆಂಡ್ 'ಕರಕರ' ಸದ್ದು. ಆಮೇಲೆ ಎಲ್ಲ ಸರಿ. 'ಹಳೇ ಗಾಡಿ, ಚಳಿಗೆ ಹಂಗೇ' ಅಂದುಕೊಂಡು ಬಿಟ್ಟೆ. ತಿಂಗಳು ಕಳೆದ ಮೇಲೆ ಇಂಜಿನ್ ಲೈಟ್ ಹತ್ತಿತು, ಏರಿನಲ್ಲಿ ಗಾಡಿ ಎಳೆಯೋದು ಕಡಿಮೆಯಾಯಿತು. ಒಂದು ಗ್ಯಾರೇಜಿನಲ್ಲಿ ಕ್ಯಾಮ್ ಸೆನ್ಸಾರ್ ಬದಲಾಯಿಸಿದರು. ವಾರಕ್ಕೆ ಲೈಟ್ ಮತ್ತೆ ಬಂತು. ಇನ್ನೊಂದು ಕಡೆ ಕ್ರ್ಯಾಂಕ್ ಸೆನ್ಸಾರ್ ಬದಲಾಯಿಸಿದರು. ಮತ್ತೆ ಬಂತು.

ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಗಾಡಿ ಮುಟ್ಟುವ ಮೊದಲು ಎರಡೇ ಪ್ರಶ್ನೆ ಕೇಳಿದರು. "ಬೆಳಿಗ್ಗೆ ಫಸ್ಟ್ ಸ್ಟಾರ್ಟ್‌ನಲ್ಲಿ ಸದ್ದು ಬರ್ತೈತಾ? ಆಯಿಲ್ ಎಷ್ಟು ಕಿಲೋಮೀಟರ್‌ಗೆ ಚೇಂಜ್ ಮಾಡಿಸ್ತೀಯ?" ಎರಡನೇ ಪ್ರಶ್ನೆಗೆ ನಾನು ತಲೆ ತಗ್ಗಿಸಿದೆ. ಕವರ್ ಬಿಚ್ಚಿದಾಗ ಟೈಮಿಂಗ್ ಚೈನ್ ಜೋತುಬಿದ್ದಿತ್ತು. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಪೂರ್ತಿ ಹೊರಗೆ ಚಾಚಿಕೊಂಡಿತ್ತು. ಗೈಡಿನ ಪ್ಲಾಸ್ಟಿಕ್ ಚೂರುಗಳು ಆಯಿಲ್ ಸಂಪ್‌ನಲ್ಲಿ ಸಿಕ್ಕವು. ಹಾಗೇ ಓಡಿಸಿದ್ದರೆ ಇಂಜಿನ್ನೇ ಕೈಬಿಡುತ್ತಿತ್ತು. ಎರಡು ಸೆನ್ಸಾರಿನ ದುಡ್ಡು ದಂಡ. ನಿಮಗೆ ಹಾಗಾಗಬಾರದು ಅಂತ ಈ ಲೇಖನ.

ಟೈಮಿಂಗ್ ಅಂದರೆ ಏನು?

ಇಂಜಿನ್ ಕೆಳಗಡೆ ಕ್ರ್ಯಾಂಕ್ ಶಾಫ್ಟ್ ತಿರುಗಿ ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಓಡಿಸುತ್ತದೆ. ಮೇಲ್ಗಡೆ ಕ್ಯಾಮ್ ಶಾಫ್ಟ್ ತಿರುಗಿ ವಾಲ್ವ್‌ಗಳನ್ನು ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಎರಡು ಸುತ್ತು ಹಾಕುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದೇ ಸುತ್ತು ಹಾಕಬೇಕು. ಎರಡನ್ನೂ ಜೋಡಿಸುವುದು ಟೈಮಿಂಗ್ ಚೈನ್, ಬೆಲ್ಟ್ ಅಥವಾ ಗೇರ್. ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ.

ಒಂದು ಲೆಕ್ಕ ಹೇಳುತ್ತೇನೆ. ಕ್ಯಾಮ್ ಚಕ್ರಕ್ಕೆ 40 ಹಲ್ಲು, ಕ್ರ್ಯಾಂಕ್ ಚಕ್ರಕ್ಕೆ 20 ಹಲ್ಲು ಅಂದುಕೊಳ್ಳಿ. ಚೈನ್ ಒಂದೇ ಒಂದು ಹಲ್ಲು ಜಾರಿದರೂ ಕ್ಯಾಮ್ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ತಪ್ಪುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವ್‌ಗೂ ಅದಕ್ಕೂ ನಡುವೆ ಇರುವ ಜಾಗ ತೀರಾ ಕಡಿಮೆ. ಇನ್ನೂ ಒಂದೆರಡು ಹಲ್ಲು ಜಾರಿದರೆ ಎರಡೂ ಡಿಕ್ಕಿ ಹೊಡೆದು ವಾಲ್ವ್ ಬಾಗುತ್ತದೆ. ಚೈನ್ ಕಿಟ್‌ನಲ್ಲಿ ಮುಗಿಯುವ ಖರ್ಚು ಹೆಡ್ ಕೆಲಸಕ್ಕೆ ಏರುತ್ತದೆ.

ಎಲ್ಲ ತೊಂದರೆಗೂ ಟೈಮಿಂಗ್ ಕಾರಣ ಅಲ್ಲ

ಗಾಡಿ ಎಳೆಯುತ್ತಿಲ್ಲ ಅಂದ ಕೂಡಲೇ 'ಟೈಮಿಂಗ್ ಹೋಗೈತೆ' ಅಂತ ಕವರ್ ಬಿಚ್ಚಿಸಬೇಡಿ. ಕಡಿಮೆ ಖರ್ಚಿನ ಕೆಲಸದಿಂದ ಶುರು ಮಾಡಿ:

1. ಡೀಸೆಲ್ ಫಿಲ್ಟರ್ ನೋಡಿ. ಅದರೊಳಗಿನ ನೀರು ಬಸಿಯಿರಿ. ಪೈಪಿನಲ್ಲಿ ಗಾಳಿ ಎಳೆಯುತ್ತಿದ್ದರೂ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ.
2. ಏರ್ ಫಿಲ್ಟರ್ ನೋಡಿ. ನಮ್ಮ ಮಣ್ಣಿನ ರಸ್ತೆಯ ಧೂಳಿಗೆ ಅದು ಬೇಗ ಕಟ್ಟುತ್ತದೆ. ಟರ್ಬೊ ಪೈಪ್ ಸೀಳಿದ್ದರೂ ಕಪ್ಪು ಹೊಗೆ ಬರುತ್ತದೆ, ಎಳೆತ ಕಡಿಮೆಯಾಗುತ್ತದೆ.
3. ಬ್ಯಾಟರಿ ನೋಡಿ. ಸೆಲ್ಫ್ ನಿಧಾನ ತಿರುಗಿದರೆ ಡೀಸೆಲ್ ಇಂಜಿನ್ ಹತ್ತುವುದಿಲ್ಲ.
4. ಸೆನ್ಸಾರಿನ ವೈರ್ ನೋಡಿ. ಮೇವು, ಚೀಲ ಇಡುವ ಶೆಡ್‌ನಲ್ಲಿ ಗಾಡಿ ನಿಲ್ಲಿಸುವವರ ವೈರನ್ನು ಇಲಿ ಕಡಿಯುವುದು ಮಾಮೂಲು.

ಹೊಗೆಯೂ ಮಾತಾಡುತ್ತದೆ. ಕಪ್ಪು ಹೊಗೆ ಅಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಜಾಸ್ತಿ. ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆಗೆ ಹಸಿ ಡೀಸೆಲ್ ವಾಸನೆ ಇದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಆಗ ಟೈಮಿಂಗ್ ಮೇಲೂ ಅನುಮಾನ ಪಡಬಹುದು. ಸಿಹಿ ವಾಸನೆ ಇದ್ದು, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಮೊಬೈಲೇ ನಿಮ್ಮ ಮೊದಲ ಟೂಲ್

ದೇಶದಾದ್ಯಂತ 2017ರ ಏಪ್ರಿಲ್‌ನಿಂದ ಬಿಎಸ್-4, 2020ರ ಏಪ್ರಿಲ್‌ನಿಂದ ಬಿಎಸ್-6 ಜಾರಿಗೆ ಬಂತು. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಒಂದು ಚಿಕ್ಕ ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಮೊಬೈಲ್ ಆ್ಯಪ್‌ನಲ್ಲಿ ಕೋಡ್ ಓದಬಹುದು. ಕಡಿಮೆ ಬೆಲೆಯ ಅಡಾಪ್ಟರ್ ಎಲ್ಲ ಗಾಡಿಗೂ ಕೂಡಿಬರುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಯಾರದ್ದಾದರೂ ಹಾಕಿ ನೋಡಿ. ನಾಲ್ಕೈದು ಜನ ಸೇರಿ ಒಂದು ಇಟ್ಟುಕೊಂಡರೂ ಸಾಕು.

ಈ ಮೂರು ಕೋಡ್ ನೆನಪಿಡಿ:

- ಪಿ0335: ಕ್ರ್ಯಾಂಕ್ ಸೆನ್ಸಾರ್ ಅಥವಾ ಅದರ ವೈರಿಂಗ್ ತೊಂದರೆ.
- ಪಿ0340: ಕ್ಯಾಮ್ ಸೆನ್ಸಾರ್ ಅಥವಾ ಅದರ ವೈರಿಂಗ್ ತೊಂದರೆ.
- ಪಿ0016: ಕ್ರ್ಯಾಂಕ್ ಮತ್ತು ಕ್ಯಾಮ್ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ಮೊದಲೆರಡು ಬಂದರೆ ಆ ಸೆನ್ಸಾರಿನ ವೈರ್, ಕನೆಕ್ಟರ್ ನೋಡುವುದು ಸರಿ. ಆದರೆ ಪಿ0016 ಬಂದು, ವೈರಿಂಗ್ ಸರಿಯಿದ್ದು, ಜೊತೆಗೆ ಬೆಳಿಗ್ಗೆ ಸದ್ದೂ ಇದ್ದರೆ ಸೆನ್ಸಾರ್ ಮೇಲೆ ಸೆನ್ಸಾರ್ ಬದಲಾಯಿಸಬೇಡಿ. ಸೆನ್ಸಾರ್ ನಿಜವನ್ನೇ ಹೇಳುತ್ತಿರಬಹುದು. ನನ್ನ ಗಾಡಿಯಲ್ಲಿ ಆಗಿದ್ದು ಅದೇ. ಕೋಡ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ತಿಂಗಳಿಗೊಮ್ಮೆ ಬಾನೆಟ್ ತೆಗೆದು, ರಾತ್ರಿಯೆಲ್ಲ ನಿಂತ ಗಾಡಿಯ ಮೊದಲ ಸ್ಟಾರ್ಟನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಪ್ರತಿಸಲ ಮೊಬೈಲನ್ನು ಒಂದೇ ಜಾಗದಲ್ಲಿ ಹಿಡಿಯಿರಿ, ಬೆಲ್ಟ್ ಮತ್ತು ಫ್ಯಾನಿನಿಂದ ದೂರ ಇರಿ. ಹಲವು ಇಂಜಿನ್‌ಗಳಲ್ಲಿ ಚೈನ್ ಟೆನ್ಷನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಆಯಿಲ್ ಮೇಲೇರುವವರೆಗೆ ಸಡಿಲ ಚೈನ್ ಸದ್ದು ಮಾಡುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಬಿಸಿ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್‌ಗೆ ಆ ಸದ್ದು ಕೇಳಿಸುವುದೇ ಇಲ್ಲ. ಆ ರೆಕಾರ್ಡಿಂಗ್ ವಾಟ್ಸಾಪ್ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಬೆಲ್ಟ್ ಇರುವ ಗಾಡಿಯವರು ಸದ್ದಿಗೆ ಕಾಯಬೇಡಿ. ಬೆಲ್ಟ್ ಹೆಚ್ಚಾಗಿ ಹೇಳದೆ ಕೇಳದೆ ಹರಿಯುತ್ತದೆ. ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಬದಲಾಯಿಸಲೇಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿದ್ದು, ಬೆಲ್ಟ್ ಯಾವಾಗ ಬದಲಾಗಿದೆ ಅಂತ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಅಂತಲೇ ತಿಳಿಯಿರಿ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

- ಕವರ್ ಬಿಚ್ಚುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದೇ ಸಿಲಿಂಡರಿನಲ್ಲಿ ಕಡಿಮೆ ಇದ್ದರೆ ಆ ಸಿಲಿಂಡರಿನ ರಿಂಗ್, ವಾಲ್ವ್ ಅಥವಾ ಗ್ಯಾಸ್ಕೆಟ್ ತೊಂದರೆ. ಎಲ್ಲದರಲ್ಲೂ ಒಂದೇ ಸಮ ಕಡಿಮೆ ಇದ್ದರೆ ಟೈಮಿಂಗ್ ಮೇಲೆ ಅನುಮಾನ ಪಡಿ. ಹಳೇ ಇಂಜಿನ್‌ನಲ್ಲಿ ಎಲ್ಲ ರಿಂಗೂ ಸವೆದಿದ್ದರೂ ಹೀಗಾಗಬಹುದು, ಅದನ್ನೂ ಕೇಳಿ.
- ಬಿಚ್ಚಿದ ಮೇಲೆ ಟೈಮಿಂಗ್ ಮಾರ್ಕ್ ತೋರಿಸಲು ಹೇಳಿ, ಫೋಟೊ ತೆಗೆದುಕೊಳ್ಳಿ.
- ಚೈನ್ ಒಂದನ್ನೇ ಹಾಕಿಸಬೇಡಿ. ಟೆನ್ಷನರ್, ಗೈಡ್, ಸವೆದ ಹಲ್ಲಿನ ಚಕ್ರ ಎಲ್ಲ ಒಟ್ಟಿಗೆ ಬದಲಾಗಬೇಕು. ಗೈಡ್ ಚೂರಾಗಿದ್ದರೆ ಸಂಪ್ ಬಿಚ್ಚಿ ಶುಚಿ ಮಾಡಿಸಿ.
- ಜೋಡಿಸಿದ ಮೇಲೆ ಸೆಲ್ಫ್ ಹೊಡೆಯುವ ಮೊದಲು ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಇಂಜಿನ್ ತಿರುಗುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು ಕೈಯಲ್ಲಿ ತಿರುಗಿಸಬೇಕು. ಎಲ್ಲೂ ತಡೆ ಇರಬಾರದು, ಮಾರ್ಕ್ ಮತ್ತೆ ಕೂಡಬೇಕು.

ಈ ಒಂದು ತಪ್ಪು ಮಾತ್ರ ಮಾಡಬೇಡಿ

ದಾರಿಯಲ್ಲಿ ಇಂಜಿನ್ ದಿಢೀರ್ ಆಫ್ ಆಯಿತು, ಸೆಲ್ಫ್ ಹೊಡೆದರೆ ಎಂದಿಗಿಂತ ಹಗುರವಾಗಿ 'ಗುರ್ರ್' ಅಂತ ತಿರುಗುತ್ತಿದೆ ಅಂದುಕೊಳ್ಳಿ. ಆಗ ಕೀ ತೆಗೆದುಬಿಡಿ. ಕಂಪ್ರೆಷನ್ ಇಲ್ಲ ಅಂತ ಅರ್ಥ, ಬೆಲ್ಟ್ ಅಥವಾ ಚೈನ್ ಹೋಗಿರಬಹುದು. ಮತ್ತೆ ಮತ್ತೆ ಸೆಲ್ಫ್ ಹೊಡೆದರೆ, ತಳ್ಳಿ ಸ್ಟಾರ್ಟ್ ಮಾಡಿದರೆ ಉಳಿದಿರುವ ವಾಲ್ವೂ ಹೋಗುತ್ತದೆ.

ಗೂಡು ತುಂಬಿದ ಗಾಡಿ ದಾರಿಯಲ್ಲಿ ನಿಂತಾಗ ಮನಸ್ಸು ಕೇಳೋದಿಲ್ಲ, ನನಗೂ ಗೊತ್ತು. ತಡವಾದಷ್ಟೂ ಗೂಡಿನ ತೂಕ ಇಳಿಯುತ್ತದೆ, ದಿನಗಟ್ಟಲೆ ಇಟ್ಟರೆ ಚಿಟ್ಟೆ ಹೊರಬಂದು ಗೂಡು ತೂತಾಗುತ್ತದೆ. ಹಣ್ಣಾದ ಟೊಮೆಟೊ ಕೂಡ ಕಾಯುವುದಿಲ್ಲ. ಆದರೂ ಬೇರೆ ಗಾಡಿ ಕರೆಸಿ ಮಾಲು ಸಾಗಿಸಿ, ನಿಮ್ಮ ಗಾಡಿಯನ್ನು ಟೋ ಮಾಡಿಸಿ. ಒಂದು ಬಾಡಿಗೆ ಹೋದರೂ ಇಂಜಿನ್ ಉಳಿಯಬಹುದು.

ಈಗ ನನ್ನ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ. ಮುಂದಿನ ಆಯಿಲ್ ಎಷ್ಟು ಕಿಲೋಮೀಟರಿಗೆ ಅಂತ ಅದರಲ್ಲಿ ಬರೆದಿದೆ. ಹೊಲಕ್ಕೆ ಗೊಬ್ಬರ ಹಾಕುವ ದಿನ ಮರೆಯದ ನಾವು ಇದನ್ನು ಮಾತ್ರ ಮರೆಯುತ್ತೇವೆ. ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವಾಗ ಹಾಡು ಆಫ್ ಮಾಡಿ, ಮೊದಲ ಐದು ಸೆಕೆಂಡ್ ಕಿವಿಗೊಟ್ಟು ಕೇಳಿ.