ಊರುಗಳ ಬಿರುದಾವಳಿ

ಅರಸರ ಕಾಲದಲ್ಲಿ ಬಿರುದುಗಳು ಮನುಷ್ಯರಿಗೆ ಸಲ್ಲುತ್ತಿದ್ದವು. ಅರಸನು ಸಭೆಗೆ ಚಿತ್ತೈಸುವ ಮುನ್ನ ವಂದಿಮಾಗಧರು ಮುಂದೆ ನಿಂತು ಅವನ್ನು ಒಂದೊಂದಾಗಿ ಸಾರುತ್ತಿದ್ದರು. ಅರಸರು ಹೋದರು, ಬಿರುದುಗಳು ಮಾತ್ರ ನಿರುದ್ಯೋಗಿಗಳಾಗಲಿಲ್ಲ. ಅವು ಈಗ ಊರುಗಳ ಹೆಗಲೇರಿವೆ. ಪ್ರವಾಸೋದ್ಯಮವೆಂಬ ಹೊಸ ಆಸ್ಥಾನದಲ್ಲಿ ಜಾಹೀರಾತು ಬರೆಯುವವರೇ ಹೊಗಳುಭಟರು. ಕೊಡಗು ಭಾರತದ ಸ್ಕಾಟ್ಲೆಂಡ್, ಆಗುಂಬೆ ದಕ್ಷಿಣದ ಚಿರಾಪುಂಜಿ, ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್. ಬೆಂಗಳೂರಿಗೆ ಉದ್ಯಾನನಗರಿ ಎಂಬ ಹಳೆಯ ಬಿರುದು ಸಾಲದೆ ಹೋಗಿ ಅದು ಭಾರತದ ಸಿಲಿಕಾನ್ ಕಣಿವೆಯೂ ಆಯಿತು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು ಒಂದೇ ಮಾತಿನಲ್ಲಿ ಕಣಿವೆಗೆ ಇಳಿದದ್ದು ಭೂಗೋಳದ ವಿದ್ಯಾರ್ಥಿಗಳಿಗೆ ಸ್ವಲ್ಪ ತೊಡಕಿನ ವಿಷಯವೇ ಸರಿ.

ಈ ಬಿರುದುಗಳನ್ನು ಅಲಂಕಾರಶಾಸ್ತ್ರದ ಕಣ್ಣಿನಿಂದ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಮುಖವನ್ನು ಚಂದ್ರನಿಗೆ ಹೋಲಿಸುವಾಗ ಮುಖ ಉಪಮೇಯ, ಚಂದ್ರ ಉಪಮಾನ. ಉಪಮಾನವು ಗುಣದಲ್ಲಿ ಹೆಚ್ಚಿನದೂ ಲೋಕಪ್ರಸಿದ್ಧವೂ ಆಗಿರಬೇಕೆಂಬುದು ಲಾಕ್ಷಣಿಕರ ಮಾತು. ಹಾಗಿದ್ದ ಮೇಲೆ, ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಎಂದು ಹೊಗಳಿದವನು ನಿಜವಾಗಿ ಹೊಗಳಿದ್ದು ಯಾರನ್ನು? ಸ್ಕಾಟ್ಲೆಂಡನ್ನು. ಅಲ್ಲಿಯ ಯಾವ ಪುಣ್ಯಾತ್ಮನೂ ತನ್ನ ಬೆಟ್ಟಗುಡ್ಡಗಳನ್ನು ‘ಬ್ರಿಟನ್ನಿನ ಕೊಡಗು’ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಸಾಲದ್ದಕ್ಕೆ, ಇದೇ ಬಿರುದನ್ನು ಕೊಡಗಿನೊಡನೆ ಶಿಲ್ಲಾಂಗೂ ಹಂಚಿಕೊಂಡಿದೆ. ಅದು ಪೂರ್ವದ ಸ್ಕಾಟ್ಲೆಂಡ್. ಪೂರ್ವದ ವೆನಿಸ್ ಎಂಬ ಬಿರುದಿಗಂತೂ ಆಲಪ್ಪುಳ, ಉದಯಪುರ, ಶ್ರೀನಗರ, ಬ್ಯಾಂಕಾಕ್ ಎಲ್ಲವೂ ಹಕ್ಕುದಾರರು. 1974ರ ಜುಲೈಯಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳದ ಪೇಟೆಯಲ್ಲಿ ದೋಣಿ ಓಡಿದಾಗ ನಮ್ಮ ಕಡೆಯವರೂ ಅರ್ಜಿ ಹಾಕಬಹುದಾಗಿತ್ತು. ಅಂಗಡಿಯ ಅಕ್ಕಿಮೂಟೆಗಳನ್ನು ಅಟ್ಟಕ್ಕೇರಿಸುವ ಗಡಿಬಿಡಿಯಲ್ಲಿ ಯಾರಿಗೂ ಅದು ಹೊಳೆಯಲಿಲ್ಲ.

ಸಾಲ ಕೊಟ್ಟ ಸ್ಕಾಟ್ಲೆಂಡ್ ತಾನಾದರೂ ನೆಮ್ಮದಿಯಿಂದಿದೆಯೆ ಎಂದರೆ ಅದೂ ಇಲ್ಲ. ಅದರ ರಾಜಧಾನಿ ಎಡಿನ್‌ಬರೋಗೆ ‘ಉತ್ತರದ ಅಥೆನ್ಸ್’ ಎಂಬ ಬಿರುದುಂಟು. ಬಿರುದು ಬಂದ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಡವೆ? ಅಥೆನ್ಸಿನ ಪಾರ್ಥೆನಾನ್ ದೇಗುಲದ ಮಾದರಿಯಲ್ಲಿ ಒಂದು ಸ್ಮಾರಕವನ್ನು ಅಲ್ಲಿಯ ಗುಡ್ಡದ ಮೇಲೆ 1826ರಲ್ಲಿ ಕಟ್ಟತೊಡಗಿದರು. ಹನ್ನೆರಡು ಕಂಬ ಏಳುವಷ್ಟರಲ್ಲಿ ಹಣ ಮುಗಿಯಿತು. 1829ರಲ್ಲಿ ಕೆಲಸ ನಿಂತಿತು. ಆ ಕಂಬಗಳು ಇಂದಿಗೂ ಹಾಗೆಯೇ ನಿಂತಿವೆ. ಊರವರು ಅವಕ್ಕೆ ‘ಎಡಿನ್‌ಬರೋದ ಅವಮಾನ’ ಎಂಬ ಇನ್ನೊಂದು ಬಿರುದು ಕೊಟ್ಟು ಲೆಕ್ಕ ಚುಕ್ತಾ ಮಾಡಿದರು.

ಹೋಲಿಕೆಯ ಹಂಗಿಲ್ಲದ ಬಿರುದುಗಳೂ ಇವೆ. ನೆರೆಯ ಕೇರಳ ತನ್ನನ್ನು ‘ದೇವರ ಸ್ವಂತ ನಾಡು’ ಎಂದು ಕರೆದುಕೊಂಡು ದಶಕಗಳೇ ಸಂದವು. ಮಾತು ಸೊಗಸಾಗಿದೆ, ಆದರೆ ಅದೂ ಹೊಸದಲ್ಲ. ನ್ಯೂಜಿಲೆಂಡಿನವರು ತಮ್ಮ ದೇಶವನ್ನು ಹತ್ತೊಂಬತ್ತನೆಯ ಶತಮಾನದಿಂದಲೇ ಹಾಗೆ ಕರೆಯುತ್ತಿದ್ದಾರೆ. ಅಲ್ಲಿಯ ಪ್ರಧಾನಿಯಾಗಿದ್ದ ರಿಚರ್ಡ್ ಸೆಡನ್ 1906ರ ಜೂನ್ ತಿಂಗಳಲ್ಲಿ ಆಸ್ಟ್ರೇಲಿಯಾದಿಂದ ಮರಳುವಾಗ, ದೇವರ ಸ್ವಂತ ನಾಡಿಗೆ ಹೊರಟಿದ್ದೇನೆ ಎಂಬರ್ಥದ ತಂತಿ ಕಳಿಸಿ ಹಡಗು ಹತ್ತಿದರು, ದಾರಿಯಲ್ಲೇ ತೀರಿಕೊಂಡರು. ಘೋಷಣೆಯೊಂದು ಅಕ್ಷರಶಃ ನಿಜವಾದ ಉದಾಹರಣೆ ನನಗೆ ತಿಳಿದಂತೆ ಇದೊಂದೇ. ಇನ್ನು ಆಸ್ಟ್ರೇಲಿಯಾ 2006ರಲ್ಲಿ ಜಗತ್ತಿನ ಪ್ರವಾಸಿಗರನ್ನು ಕರೆದ ರೀತಿಯನ್ನು ಸಭ್ಯ ಕನ್ನಡದಲ್ಲಿ ಹೇಳುವುದಾದರೆ, ‘ಎಲ್ಲಿ ಹಾಳಾಗಿ ಹೋಗಿದ್ದೀರಿ?’ ಎಂದಾಗುತ್ತದೆ. ಬ್ರಿಟನ್ನಿನ ಟೆಲಿವಿಷನ್‌ನಲ್ಲಿ ಅದಕ್ಕೆ ಕೆಲಕಾಲ ತಡೆ ಬಿತ್ತು. ನಮ್ಮ ಮನೆಗಳಲ್ಲಿ ಊಟದ ಹೊತ್ತು ಮೀರಿ ಬಂದವರನ್ನು ಅಜ್ಜಿಯಂದಿರು ಹೀಗೆಯೇ ಸ್ವಾಗತಿಸುತ್ತಿದ್ದರು. ಯಾರೂ ತಡೆ ಹಾಕಿರಲಿಲ್ಲ.

ನಮ್ಮ ಹಿಂದಿನವರೇನು ಬಡಾಯಿಯಲ್ಲಿ ಕಡಿಮೆಯವರೆ ಎಂದು ತಾವು ಕೇಳಬಹುದು. ಖಂಡಿತ ಅಲ್ಲ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಕರ್ನಾಟಕ ಸರ್ಕಾರದ ಪ್ರವಾಸೋದ್ಯಮ ‘ಒಂದು ರಾಜ್ಯ, ಹಲವು ಜಗತ್ತು’ ಎಂದು ಸಾರಿತಷ್ಟೆ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಬಸದಿಗೆ ಆಗಲೇ ‘ತ್ರಿಭುವನತಿಲಕ ಚೂಡಾಮಣಿ’ ಎಂದು ಹೆಸರು. ಮೂರು ಲೋಕಗಳ ಹಣೆಗೆ ತಿಲಕ, ಸಾಲದೆಂದು ತಲೆಗೆ ರತ್ನ! ಆದರೆ ಊರ ಜನ ಈ ಹೆಸರನ್ನು ಗೌರವದಿಂದ ಶಾಸನಕ್ಕೂ ಪಂಡಿತರಿಗೂ ಬಿಟ್ಟುಕೊಟ್ಟು, ತಾವು ಅದನ್ನು ‘ಸಾವಿರ ಕಂಬದ ಬಸದಿ’ ಎಂದರು. ಒಳಗೆ ಹೋದವನಿಗೆ ಮೊದಲು ಕಣ್ಣಿಗೆ ಬೀಳುವುದೇ ಕಂಬ. ಒಂದರ ಕೆತ್ತನೆ ಇನ್ನೊಂದರಲ್ಲಿಲ್ಲ. ಎಣಿಸಲು ಹೊರಟವನು ಮಧ್ಯದಲ್ಲಿ ಲೆಕ್ಕ ಮರೆತು ಕೆತ್ತನೆಯನ್ನೇ ನೋಡುತ್ತ ನಿಂತರೆ ಹೆಸರು ಸಾರ್ಥಕವಾದಂತೆಯೇ. ಊರಿನ ಹೆಸರಾದರೂ ಏನು? ಮೂಡಣ ಬಿದಿರು. ಕಡಲ ಕಡೆಗೆ ಪಡುವಣ ಬಿದಿರು, ಪಡುಬಿದ್ರಿ. ದಿಕ್ಕು ಮತ್ತು ಗಿಡ, ಇಷ್ಟೇ. ದಾರಿ ಕೇಳಿದವನಿಗೆ ಇದಕ್ಕಿಂತ ಉಪಕಾರಿಯಾದ ಪ್ರವಾಸ ಸಾಹಿತ್ಯ ಇನ್ನೊಂದಿಲ್ಲ.

ಮೂಡುಬಿದಿರೆಯನ್ನು ಜೈನಕಾಶಿ ಎನ್ನುತ್ತಾರೆ, ನಂಜನಗೂಡನ್ನು ದಕ್ಷಿಣಕಾಶಿ ಎನ್ನುತ್ತಾರೆ. ಇವೂ ಹೋಲಿಕೆಗಳೇ ಅಲ್ಲವೆ? ಹೌದು. ಆದರೆ ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಕಾಶಿಯ ಹೋಲಿಕೆ ಹುಟ್ಟಿದ್ದು ದೂರದ ಕಾಶಿಗೆ ಹೋಗಲಾರದ ಬಡವನ ಸಮಾಧಾನಕ್ಕಾಗಿ. ನೀನು ಅಷ್ಟು ದೂರ ನಡೆಯಬೇಕಾಗಿಲ್ಲ, ಆ ಪುಣ್ಯ ಇಲ್ಲಿಯೂ ಉಂಟು ಎಂದು ಅದು ಇದ್ದವನಿಗೆ ಹೇಳುವ ಮಾತು. ಸ್ಕಾಟ್ಲೆಂಡಿನ ಹೋಲಿಕೆ ಹೊರಗಿನಿಂದ ಬರುವವನಿಗೆ ಹೇಳುವ ಮಾತು. ಕೊಡಗಿನ ಗದ್ದೆಯಲ್ಲಿ ನಾಟಿ ಮಾಡುವವಳಿಗೆ ಅದರಿಂದ ಯಾವ ಸಮಾಧಾನ?

ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ಕನ್ನಡನಾಡನ್ನು ಹೊಗಳುವಾಗ ಎರಡು ನದಿಗಳ ನಡುವಿನ ಮೇರೆಯನ್ನು ಹೇಳಿ ಸುಮ್ಮನಾಗಲಿಲ್ಲ. ಇಲ್ಲಿಯ ಜನ ಹದವರಿತು ಮಾತಾಡಬಲ್ಲವರು ಎಂದು ಜನರನ್ನು ಹೊಗಳಿತು. ಇಂದಿನ ಘೋಷಣೆಗಳಲ್ಲಿ ಜಲಪಾತವಿದೆ, ಮಂಜಿದೆ, ಮರಳಿದೆ. ಆ ಊರಿನಲ್ಲಿ ಯಾರಾದರೂ ಬದುಕಿದ್ದಾರೆಂಬ ಸುಳಿವು ಇಲ್ಲ. ಇದು ಬರಿಯ ನಗೆಯ ಮಾತಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆ, ತೋಟ, ಜೀವಗಳು ಹೋದವು. ಮಳೆ ವಿಪರೀತವಾಗಿ ಸುರಿದದ್ದು ನಿಜ. ಜೊತೆಗೆ ರಸ್ತೆಗೆಂದೂ ಕಟ್ಟಡಕ್ಕೆಂದೂ ಇಳಿಜಾರುಗಳನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ‘ಬನ್ನಿ’ ಎಂದು ಫಲಕಗಳು ಕರೆಯುತ್ತಿದ್ದ ಜಿಲ್ಲೆಯಲ್ಲಿ, ಪ್ರವಾಸಿಗರು ಸದ್ಯ ಬರಬಾರದೆಂದು ಜಿಲ್ಲಾಡಳಿತವೇ ಆಜ್ಞೆ ಮಾಡಬೇಕಾಯಿತು. ಸ್ಕಾಟ್ಲೆಂಡ್ ಎಂದು ನಂಬಿ ಬಂದವನು ಇಲ್ಲಿಯ ಮಣ್ಣನ್ನಾಗಲಿ ಆಟಿ ತಿಂಗಳ ಮಳೆಯನ್ನಾಗಲಿ ತಿಳಿಯಬೇಕಾದ ಅಗತ್ಯವೇನು? ಬಿರುದು ಅದನ್ನು ಅವನಿಗೆ ಹೇಳುವುದೇ ಇಲ್ಲ.

ಹೊರಗಿನಿಂದ ಹೋದವನು ಒಂದು ನಾಡನ್ನು ಹೊಗಳಲೇಬಾರದೆಂದು ಇದರ ಅರ್ಥವಲ್ಲ. 1874ರಲ್ಲಿ ನಮ್ಮ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ ಮಡಿಕೇರಿಗೆ ಹೋದರು, ಅಲ್ಲಿ ಬಾಳಿದರು, ‘ಹುತ್ತರಿ ಹಾಡು’ ಬರೆದರು. ಅದರಲ್ಲಿ ಕಾವೇರಿ ಇದ್ದಾಳೆ, ಹಬ್ಬವಿದೆ, ಕೊಡಗಿನ ಜನರಿದ್ದಾರೆ, ಸ್ಕಾಟ್ಲೆಂಡ್ ಇಲ್ಲ. ಕೊಡಗಿನವರು ಆ ಹಾಡನ್ನು ತಮ್ಮದೆಂದೇ ಹಾಡುತ್ತಾರೆ. ಪ್ರವಾಸಿ ಫಲಕದ ಮಾತನ್ನು ಯಾವ ಊರಿನವರು ಮದುವೆ ಮನೆಯಲ್ಲಿ ಹಾಡುತ್ತಾರೆ?

ಲಾಕ್ಷಣಿಕರು ಅನನ್ವಯವೆಂಬ ಇನ್ನೊಂದು ಅಲಂಕಾರವನ್ನು ಹೇಳಿದ್ದಾರೆ. ಹೋಲಿಸಲು ಬೇರೊಂದು ವಸ್ತು ಸಿಗದಾಗ ವಸ್ತುವನ್ನು ಅದಕ್ಕೇ ಹೋಲಿಸುವುದು. ಆಕಾಶ ಯಾವುದರಂತೆ ಎಂದರೆ ಆಕಾಶದಂತೆ. ಪ್ರವಾಸೋದ್ಯಮದವರು ಇದನ್ನು ಇನ್ನೂ ಕಂಡಂತಿಲ್ಲ. ನಮ್ಮ ಭಾಗದ ಬಸ್ಸಿನ ಕಂಡಕ್ಟರರಿಗೆ ಮಾತ್ರ ಇದು ಕರಗತ. ಬಾಗಿಲಲ್ಲಿ ಜೋತುಕೊಂಡು ಅವರು ‘ಬೀಸೀರೋಡ್, ಬೀಸೀರೋಡ್’ ಎಂದು ಕೂಗುತ್ತಾರೆ. ಬಂಟ್ವಾಳ ಕ್ರಾಸ್ ರೋಡ್ ಎಂಬುದರ ಸಂಕ್ಷೇಪವೇ ಒಂದು ಊರಿನ ಹೆಸರಾಗಿಬಿಟ್ಟಿದೆ. ಅದರಲ್ಲಿ ಬಡಾಯಿಗೆ ಎಡೆಯೇ ಇಲ್ಲ. ಅಲ್ಲಿ ಧರ್ಮಸ್ಥಳದ ದಾರಿ ಎಡಕ್ಕೆ ಒಡೆಯುತ್ತದೆ. ಉಳಿದವರು ಹೊಳೆ ದಾಟಿ ಪಾಣೆಮಂಗಳೂರಿಗೆ ಬರುತ್ತಾರೆ. ಪಾಣೆಮಂಗಳೂರಿಗೆ ಇದುವರೆಗೆ ಯಾರೂ ಬಿರುದು ಕೊಟ್ಟಿಲ್ಲ. ಸೇತುವೆಯ ಮೇಲೆ ನಿಂತರೆ ಕೆಳಗೆ ನೇತ್ರಾವತಿ ಕಾಣುತ್ತದೆ. ಮಳೆಗಾಲದಲ್ಲಿ ಕೆಂಪಾಗಿ, ಬೇಸಗೆಯಲ್ಲಿ ಮರಳಿನ ನಡುವೆ ಹಸುರಾಗಿ.